ಮನೆಮಂದಿಯೆಲ್ಲ ಅಂಡಮಾನ್‌ಗೆ ಹಕ್ಕಿ ನೋಡಲು ಹೊರಟರೆ: ದ್ವೀಪ ಕಡಿಮೆ ಇರಲಿ, ಬೆಳಗು ಜಾಸ್ತಿ ಇರಲಿ

ಪ್ರಶ್ನೆ: ಜನವರಿ ಕೊನೆಗೆ ನಾವು ಆರು ಜನ ಅಂಡಮಾನ್‌ಗೆ ಹೊರಟಿದ್ದೇವೆ. ನಾನು, ಯಜಮಾನರು, ಅತ್ತೆ, ಮಾವ, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ಮಗಳಿಗೆ ಹಕ್ಕಿ ಹುಚ್ಚು. ಟ್ರಾವೆಲ್ಸ್‌ನವರು ಆರು ರಾತ್ರಿಯ ಪ್ಯಾಕೇಜ್ ಕೊಟ್ಟಿದ್ದಾರೆ: ಪೋರ್ಟ್ ಬ್ಲೇರ್ ಎರಡು, ಹ್ಯಾವ್‌ಲಾಕ್ ಎರಡು, ನೀಲ್ ಒಂದು, ವಾಪಸ್ ಬಂದು ಪೋರ್ಟ್ ಬ್ಲೇರ್ ಒಂದು, ಮಧ್ಯೆ ಒಂದು ದಿನ ಬಾರಾಟಾಂಗ್. ಇದರಲ್ಲಿ ಹಕ್ಕಿ ನೋಡೋದು ಎಲ್ಲಿ, ಯಾವಾಗ? ನಾರ್ಕೊಂಡಮ್ ಮಂಗಟ್ಟೆ (ಹಾರ್ನ್‌ಬಿಲ್), ನಿಕೋಬಾರ್ ಪಾರಿವಾಳ ನೋಡಲೇಬೇಕು ಅಂತ ಮಗಳ ಹಟ. ಅತ್ತೆಗೆ ಮಂಡಿನೋವು, ಜಾಸ್ತಿ ನಡೆಯೋಕೆ ಆಗಲ್ಲ. (ಹಾಸನದಿಂದ ಒಬ್ಬ ಓದುಗರು)

ಉತ್ತರ:

ಬೇಸರದ ಸುದ್ದಿಯನ್ನು ಮೊದಲೇ ಹೇಳಿ ಮುಗಿಸುತ್ತೇನೆ ಮೇಡಂ. ಆ ಎರಡೂ ಹಕ್ಕಿ ಈ ಸಲ ಸಿಗುವುದಿಲ್ಲ. ನಾರ್ಕೊಂಡಮ್ ಮಂಗಟ್ಟೆ ಇರುವುದು ಆ ಹೆಸರಿನ ಒಂದೇ ಒಂದು ದ್ವೀಪದಲ್ಲಿ. ಅದರ ವಿಸ್ತೀರ್ಣ ಸುಮಾರು ಏಳು ಚದರ ಕಿಲೋಮೀಟರ್ ಅಷ್ಟೇ, ಮತ್ತು ಪ್ರವಾಸಿಗರ ಬೋಟು ಯಾವುದೂ ಅಲ್ಲಿಗೆ ಹೋಗುವುದಿಲ್ಲ. ವಿಶೇಷ ಅನುಮತಿ ಇದ್ದವರಿಗೆ ಮಾತ್ರ ಪ್ರವೇಶ. ನಮ್ಮ ದೇಶದಲ್ಲಿ ನಿಕೋಬಾರ್ ಪಾರಿವಾಳದ ಮುಖ್ಯ ನೆಲೆ ಹೆಸರೇ ಹೇಳುವಂತೆ ನಿಕೋಬಾರ್, ಆ ದ್ವೀಪಗಳು ಸಾಮಾನ್ಯ ಪ್ರವಾಸಿಗರಿಗೆ ತೆರೆದಿಲ್ಲ. ಯಾರಾದರೂ ಏಜೆಂಟ್ "ಅದನ್ನೂ ಮಾಡಿಸಿಕೊಡ್ತೀವಿ" ಅಂದರೆ ನಂಬಬೇಡಿ. ಮಗಳಿಗೆ ಮಂಗಟ್ಟೆಯೇ ಬೇಕೆಂದರೆ ಬೇಸಿಗೆ ರಜೆಯಲ್ಲಿ ದಾಂಡೇಲಿಗೆ ಕರೆದುಕೊಂಡು ಹೋಗಿ, ಅಲ್ಲಿ ನಾಲ್ಕು ಜಾತಿಯ ಮಂಗಟ್ಟೆ ಇವೆ, ಖರ್ಚೂ ಕಡಿಮೆ.

ಈಗ ಒಳ್ಳೆಯ ಸುದ್ದಿ. ಅಂಡಮಾನ್‌ನಲ್ಲಿ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ಹಕ್ಕಿಗಳು ಇಪ್ಪತ್ತರ ಆಚೀಚೆ ಇವೆ. ಅವುಗಳಲ್ಲಿ ಹೆಚ್ಚಿನವು ಪೋರ್ಟ್ ಬ್ಲೇರ್‌ನಿಂದ ಒಂದು ಗಂಟೆಯ ದಾರಿಯೊಳಗೇ ಸಿಗುತ್ತವೆ. ನಿಮ್ಮ ಪ್ಯಾಕೇಜಿನ ತೊಂದರೆ ಇರುವುದೇ ಇಲ್ಲಿ. ಪ್ಯಾಕೇಜ್ ಮಾಡುವವರು ಪೋರ್ಟ್ ಬ್ಲೇರನ್ನು ಬಸ್ ಸ್ಟ್ಯಾಂಡಿನ ಹಾಗೆ ನೋಡುತ್ತಾರೆ. ಇಳಿ, ಮಲಗು, ಬೆಳಿಗ್ಗೆ ಫೆರಿ ಹಿಡಿ. ಹಕ್ಕಿ ನೋಡುವವರಿಗೆ ಅದು ಉಲ್ಟಾ. ಆರು ರಾತ್ರಿಯಲ್ಲಿ ಮೂರು ದ್ವೀಪ ಸುತ್ತಿದರೆ ನಿಮ್ಮ ಒಳ್ಳೊಳ್ಳೆಯ ಬೆಳಗುಗಳೆಲ್ಲ ಜೆಟ್ಟಿಯ ಕ್ಯೂನಲ್ಲಿ, ಲಗೇಜ್ ಎಣಿಸುವುದರಲ್ಲಿ, ಮಗನನ್ನು ಎಬ್ಬಿಸುವುದರಲ್ಲಿ ಕಳೆದುಹೋಗುತ್ತವೆ. ಹಾಗಾಗಿ ನೀಲ್ ಬಿಡಿ, ಬಾರಾಟಾಂಗ್ ಬಿಡಿ. ಮೊದಲ ಮೂರು ರಾತ್ರಿ ಪೋರ್ಟ್ ಬ್ಲೇರ್, ಆಮೇಲೆ ಎರಡು ಹ್ಯಾವ್‌ಲಾಕ್, ಕೊನೆಯದು ಮತ್ತೆ ಪೋರ್ಟ್ ಬ್ಲೇರ್. ಕೊನೆಯ ರಾತ್ರಿ ಅಲ್ಲೇ ಇರಬೇಕು ಅನ್ನುವುದಕ್ಕೆ ಹಕ್ಕಿ ಕಾರಣ ಅಲ್ಲ. ಕಡಲು ಕೆಟ್ಟರೆ ಫೆರಿ ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ.

(ಊರಿನ ಅಧಿಕೃತ ಹೆಸರು 2024ರಿಂದ ಶ್ರೀ ವಿಜಯಪುರಂ. ಹ್ಯಾವ್‌ಲಾಕ್ 2018ರ ಕೊನೆಯಿಂದ ಸ್ವರಾಜ್ ದ್ವೀಪ್, ನೀಲ್ ಶಹೀದ್ ದ್ವೀಪ್. ಟಿಕೆಟಿನಲ್ಲಿ ಹೊಸ ಹೆಸರು ಕಂಡು ಗಾಬರಿಯಾಗಬೇಡಿ. ಡ್ರೈವರ್‌ಗಳ ಬಾಯಲ್ಲಿ ಇನ್ನೂ ಹಳೆಯದೇ ಇದೆ, ನಾನೂ ಅದನ್ನೇ ಬಳಸುತ್ತೇನೆ.)

ಬಾರಾಟಾಂಗ್ ಯಾಕೆ ಬೇಡ ಅಂತ ಕೇಳುತ್ತೀರಿ. ಅಲ್ಲಿ ಮ್ಯಾಂಗ್ರೋವ್ ತುಂಬಿದ ಒಂದು ಪುಟ್ಟ ದ್ವೀಪಕ್ಕೆ ಸಂಜೆ ಗಿಳಿಗಳು ಹಿಂಡುಹಿಂಡಾಗಿ ಮಲಗಲು ಬರುತ್ತವೆ, ನೋಡುವಂಥದ್ದೇ. ಆದರೆ ಅದು ಸಂಜೆಯ ಕೆಲಸ, ರಾತ್ರಿ ಅಲ್ಲೇ ಉಳಿದರೆ ಮಾತ್ರ ಸಾಧ್ಯ. ಪ್ಯಾಕೇಜಿನವರು ಒಂದೇ ದಿನದಲ್ಲಿ ಕರೆದೊಯ್ದು ವಾಪಸ್ ತರುತ್ತಾರೆ. ಅದಕ್ಕಾಗಿ ನಡುರಾತ್ರಿ ಕಳೆದ ಮೇಲೆ ಎದ್ದು ಜಿರ್ಕಟಾಂಗ್ ಚೆಕ್‌ಪೋಸ್ಟಿನಲ್ಲಿ ಸಾಲಾಗಿ ನಿಲ್ಲಬೇಕು. ಆರು ವರ್ಷದ ಹುಡುಗ, ಮಂಡಿನೋವಿನ ಅಜ್ಜಿ, ಬೇಡಪ್ಪ. ಇನ್ನೊಂದು ಮಾತೂ ಇದೆ. ಆ ರಸ್ತೆ ಹೋಗುವುದು ಜಾರವಾ ಆದಿವಾಸಿ ಜನರ ಕಾಡಿನ ನಡುವೆ. ವಾಹನ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಅವರೊಂದಿಗೆ ಯಾವ ವ್ಯವಹಾರವೂ ಇಟ್ಟುಕೊಳ್ಳುವಂತಿಲ್ಲ. ಕಾನೂನು ಇಷ್ಟು ಬಿಗಿಯಾಗಿದ್ದರೂ ಅಲ್ಲಿ ಕಿಟಕಿಯಾಚೆ ಹಣಕಿ ನೋಡಲೆಂದೇ ಹೋಗುವವರು ಇದ್ದಾರೆ. ನನಗೆ ಆ ಸಾಲಿನಲ್ಲಿ ಒಂದು ಕಾರು ಕಡಿಮೆಯಾದರೆ ಸಂತೋಷವೇ.

ಇನ್ನು ಗಡಿಯಾರ. ಅಂಡಮಾನ್ ನಮಗಿಂತ ತುಂಬ ಪೂರ್ವಕ್ಕಿದೆ, ಆದರೆ ನಡೆಯುವುದು ನಮ್ಮದೇ ಗಡಿಯಾರದ ಮೇಲೆ. ಜನವರಿಯಲ್ಲಿ ಅಲ್ಲಿ ಸೂರ್ಯ ಐದೂಮುಕ್ಕಾಲಿಗೆ ಹುಟ್ಟಿ, ಸಂಜೆ ಐದೂಕಾಲರ ಸುಮಾರಿಗೆ ಮುಳುಗಿಬಿಡುತ್ತಾನೆ. ಹಾಸನದಲ್ಲಿ ನೀವು ಹಾಲಿನವನ ದಾರಿ ನೋಡುತ್ತಾ ಇರುವ ಹೊತ್ತಿಗೆ ಅಲ್ಲಿ ಬಿಸಿಲು ಏರಿರುತ್ತದೆ. ಹೋಟೆಲಿನವರು "ಬ್ರೇಕ್‌ಫಾಸ್ಟ್ ಏಳೂವರೆಗೆ" ಅಂತಾರೆ, ಆಗ ಹಕ್ಕಿಗಳ ದಿನದ ಅರ್ಧ ಗದ್ದಲ ಮುಗಿದಿರುತ್ತದೆ. ನೀವು ಐದು ಗಂಟೆಗೆ ಗಾಡಿಯಲ್ಲಿ ಕೂತಿರಬೇಕು. ಡ್ರೈವರ್‌ಗೆ ಹಿಂದಿನ ರಾತ್ರಿಯೇ ಹೇಳಿ, ಊಟದ ಹೊತ್ತಿಗೆ ಇನ್ನೊಮ್ಮೆ ಫೋನ್ ಮಾಡಿ ನೆನಪಿಸಿ. ಬ್ರೆಡ್ಡು, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಳ್ಳಿ. ಒಂಬತ್ತೂವರೆಗೆ ವಾಪಸ್ ಬಂದು ಇಡ್ಲಿ ತಿನ್ನಬಹುದು. ಊರಿನಲ್ಲಿ ತಮಿಳರು ಬೇಕಾದಷ್ಟು ಇದ್ದಾರೆ, ಇಡ್ಲಿ ದೋಸೆಗೆ ಬರವಿಲ್ಲ. ಅತ್ತೆಯವರಿಗೆ ಈ ವಿಷಯ ಮೊದಲೇ ತಿಳಿಸಿ.

ಮೊದಲ ಬೆಳಗು ಸಿಪ್ಪಿಘಾಟ್‌ಗೆ ಕೊಡಿ. ಊರಿನ ಹತ್ತಿರವೇ ಇದೆ, ರಸ್ತೆ ಬದಿಯಿಂದಲೇ ನೋಡುವ ಜಾಗ, ಕಾರಿನ ಪಕ್ಕ ಒಂದು ಮಡಚುವ ಸ್ಟೂಲ್ ಹಾಕಿದರೆ ಅತ್ತೆ ಮಾವ ಇಬ್ಬರೂ ಕೂತು ನೋಡಬಹುದು. ಸ್ಟೂಲನ್ನು ಅಲ್ಲೇ ಅಬರ್ಡೀನ್ ಬಜಾರಿನಲ್ಲಿ ಹುಡುಕಿ, ಇಲ್ಲಿಂದ ಹೊರಬೇಡಿ. ಈ ಜಾಗದ ಕತೆಯನ್ನು ಮಗಳಿಗೆ ಹೇಳಿ. 2004ರ ಡಿಸೆಂಬರ್ 26ರವರೆಗೆ ಇಲ್ಲಿ ಬಹುಪಾಲು ಭತ್ತದ ಗದ್ದೆ. ಅವತ್ತಿನ ಭೂಕಂಪದಲ್ಲಿ ದಕ್ಷಿಣ ಅಂಡಮಾನ್‌ನ ನೆಲ ಸುಮಾರು ಒಂದು ಮೀಟರ್ ಕುಸಿಯಿತು, ಉತ್ತರದ ಕಡೆ ನೆಲ ಮೇಲೆದ್ದು ಹವಳದ ದಿಬ್ಬಗಳು ನೀರಿನಿಂದ ಹೊರಗೆ ಬಂದವು. ಇಲ್ಲಿ ಗದ್ದೆಯೊಳಗೆ ಉಪ್ಪುನೀರು ನುಗ್ಗಿತು, ಮತ್ತೆ ಹೊರಗೆ ಹೋಗಲೇ ಇಲ್ಲ. ರೈತರ ಪಾಲಿಗೆ ಜೀವನವೇ ಹೋಯಿತು. ಹಕ್ಕಿಗಳಿಗೆ ಹೊಸ ಕೆರೆಯೊಂದು ಸಿಕ್ಕಿತು. ನೀರಿನ ನಡುವೆ ಈಗಲೂ ಅಲ್ಲಲ್ಲಿ ಸತ್ತ ಮರಗಳ ಬೊಡ್ಡೆ ನಿಂತಿವೆ.

ಆ ನೀರಿನಲ್ಲಿ ಹುಡುಕಬೇಕಾದ್ದು ಅಂಡಮಾನ್ ಬಾತು. ದೂರಕ್ಕೆ ಸುಮ್ನೆ ಒಂದು ಕಂದು ಬಾತಿನಂತೆ ಕಾಣುತ್ತದೆ, ಬೈನಾಕ್ಯುಲರ್ ಹಿಡಿದ ಮೇಲೆ ಕಣ್ಣಿನ ಸುತ್ತ ಬಿಳಿ ಉಂಗುರ ಎದ್ದು ಕಾಣುತ್ತದೆ. ಕೆಲವಕ್ಕೆ ಆ ಬಿಳಿ ಮುಖದ ಮೇಲೂ ಹರಡಿಕೊಂಡು ಯಾರೋ ಸುಣ್ಣ ಬಳಿದ ಹಾಗಿರುತ್ತದೆ. ಇಡೀ ಜಗತ್ತಿನಲ್ಲಿ ಅಂಡಮಾನ್ ಬಿಟ್ಟರೆ ಪಕ್ಕದ ಮ್ಯಾನ್ಮಾರ್‌ನ ಕೊಕೊ ದ್ವೀಪದ ಕಡೆ ಮಾತ್ರ ಇದು ಕಂಡಿದೆ. ಜೊತೆಗೆ ಚಳಿಗಾಲಕ್ಕೆ ಬಂದ ಉಲ್ಲಂಕಿಗಳ (ಸ್ಯಾಂಡ್‌ಪೈಪರ್) ದಂಡೇ ಇರುತ್ತದೆ. ತಂತಿಯ ಮೇಲೆ ಕಂದು ಕಳಿಂಗ, ಕೊರಳಪಟ್ಟಿಯ ಮಿಂಚುಳ್ಳಿ. ಈ ಮಿಂಚುಳ್ಳಿಗೆ ಕತ್ತಿನ ಸುತ್ತ ದಪ್ಪ ಬಿಳಿ ಪಟ್ಟಿ ಇರುತ್ತದೆ, ಬಾಯಿ ಬಡುಕ, ಎಲ್ಲೆಂದರಲ್ಲಿ ಕೂರುತ್ತದೆ. ನಿಮ್ಮ ಮಗನಿಗೆ ಈ ಒಂದು ಹಕ್ಕಿಯನ್ನು ಎಣಿಸುವ ಕೆಲಸ ಕೊಡಿ. ಆರು ವರ್ಷದ ಮಕ್ಕಳಿಗೆ ಅಪರೂಪದ ಹಕ್ಕಿ ಅಂದರೆ ಏನೂ ಅಲ್ಲ. ಪದೇ ಪದೇ ಕಾಣುವ, ತಾನೇ ಗುರುತು ಹಿಡಿಯಬಲ್ಲ ಹಕ್ಕಿ ಬೇಕು. ನೀರಿನಂಚಿಗೆ ಮಾತ್ರ ಯಾರೂ ಇಳಿಯಬಾರದು. ಉಪ್ಪುನೀರಿನ ಮೊಸಳೆಗಳಿವೆ. ಮ್ಯಾಂಗ್ರೋವ್ ಇರುವ ಯಾವ ಹಳ್ಳದ ಹತ್ತಿರವೂ ಇದೇ ನಿಯಮ, ಬೋರ್ಡ್ ಇರಲಿ ಇಲ್ಲದಿರಲಿ.

ಎರಡನೆಯ ಬೆಳಗು ಚಿಡಿಯಾ ಟಾಪು. ಊರಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್. ಒಂದೇ ಬೆಳಗು ಇದೆ ಅಂದರೆ ನಾನು ಇಲ್ಲಿಗೇ ಹೋಗುತ್ತೇನೆ. ಬೀಚಿಗೆ ಸೀದಾ ಹೋಗಬೇಡಿ, ಅದಕ್ಕೂ ಮುಂಚೆ ರಸ್ತೆ ದೊಡ್ಡ ಮರಗಳ ಕಾಡಿನೊಳಗೆ ನುಗ್ಗುತ್ತದಲ್ಲ, ಅಲ್ಲಿ ಗಾಡಿ ನಿಲ್ಲಿಸಿ ಟಾರು ರಸ್ತೆಯ ಮೇಲೇ ಮೆಲ್ಲಗೆ ನಡೆಯಿರಿ. ಅತ್ತೆಯವರು ಬಾಗಿಲು ತೆಗೆದು ಕಾರಿನಲ್ಲೇ ಕೂರಲಿ, ನೀವು ಮುಂದೆ ನಡೆದ ಮೇಲೆ ಡ್ರೈವರ್ ಗಾಡಿ ತಂದು ಪಕ್ಕ ನಿಲ್ಲಿಸಲಿ. ಈ ಥರ ನಡೆದು, ಹತ್ತಿ, ಮತ್ತೆ ನಡೆದರೆ ಯಾರಿಗೂ ಸುಸ್ತಾಗುವುದಿಲ್ಲ.

ಮೊದಲ ಹತ್ತು ನಿಮಿಷ ಕಣ್ಣಿಗಿಂತ ಕಿವಿ ಕೊಡಿ. ನಮ್ಮ ಮಲೆನಾಡಿನ ಕಿವಿಗೆ ಏನೋ ಒಂದು ಕೊರತೆ ಅನ್ನಿಸುತ್ತದೆ. ಕುಟ್ರ ಹಕ್ಕಿ ಇಲ್ಲ! ಸಕಲೇಶಪುರದ ಕಡೆ ಬೆಳಗಿನಿಂದ ಸಂಜೆವರೆಗೆ ಕುಟ್ರೂ ಕುಟ್ರೂ ಅನ್ನುವ ಆ ಕುಲವೇ ಅಂಡಮಾನ್‌ನ ಕಾಡಿನಲ್ಲಿಲ್ಲ. ಹರಟೆಮಲ್ಲಗಳೂ ಇಲ್ಲ. ಕಡಲು ದಾಟಿ ಬರಲು ಎಲ್ಲಕ್ಕೂ ಆಗುವುದಿಲ್ಲ. ದಾಟಿ ಬಂದವು ಇಲ್ಲೇ ಉಳಿದು ಬೇರೆಯದೇ ಜಾತಿಗಳಾದವು. ಇದನ್ನು ಮಗಳಿಗೆ ಪಾಠದಂತೆ ಹೇಳಬೇಕಾಗಿಯೂ ಇಲ್ಲ, ಹಾಸನದ ಕೆಂಬೂತವನ್ನು ನೆನಪಿಸಿಕೊಂಡು ಅಂಡಮಾನ್ ಕೆಂಬೂತವನ್ನು ನೋಡಿದರೆ ಸಾಕು. ನಮ್ಮದರ ಮೈ ಕಪ್ಪು, ರೆಕ್ಕೆ ಇಟ್ಟಿಗೆ ಬಣ್ಣ. ಅಲ್ಲಿಯದರ ರೆಕ್ಕೆ ಅದೇ ಬಣ್ಣ, ಆದರೆ ತಲೆ ಮೈಯೆಲ್ಲ ಮಾಸಲು ಕಂದು. ನಡಿಗೆ, ಗತ್ತು, ಪೊದೆಯೊಳಗೆ ಇಣುಕುವ ರೀತಿ ಎಲ್ಲ ಹಾಗೇ. ಹೀಗೇ ಕಾಜಾಣಕ್ಕೆ ಅಂಡಮಾನ್ ಕಾಜಾಣ, ಮಟಪಕ್ಷಿಗೆ ಅಂಡಮಾನ್ ಮಟಪಕ್ಷಿ, ಹಾವು ಹಿಡಿಯುವ ಹದ್ದು ಪನ್ನಗಾರಿಗೆ ಅಂಡಮಾನ್ ಪನ್ನಗಾರಿ. ಭೀಮರಾಜ ಮಾತ್ರ ನಮ್ಮಲ್ಲಿರುವ ಜಾತಿಯದೇ, ಬಾಲದ ತುದಿಗೆ ಅದೇ ಎರಡು ಚಾಮರ. ಅದನ್ನು ಕಂಡರೆ ಊರಿನವರೊಬ್ಬರು ಸಿಕ್ಕಷ್ಟು ಖುಷಿಯಾಗುತ್ತದೆ.

ಇಲ್ಲಿ ನಾನು ಎಲ್ಲಕ್ಕಿಂತ ಇಷ್ಟಪಡುವುದು ಅಂಡಮಾನ್ ಮರಕುಟಿಗವನ್ನು. ಕಾಗೆಗಿಂತ ಸ್ವಲ್ಪ ಸಣ್ಣದು, ಪೂರ್ತಿ ಕಪ್ಪು, ಗಂಡಿಗೆ ಹಣೆಯಿಂದ ಹಿಂದಲೆವರೆಗೆ ಕೆಂಪು. ಒಣಮರವನ್ನು ಬಡಿಯಲು ಶುರು ಮಾಡಿದರೆ ಅರ್ಧ ಕಾಡಿಗೆ ಕೇಳುತ್ತದೆ, ಮಕ್ಕಳಿಗೆ ದಿಕ್ಕು ಹೇಳಿಕೊಡಬೇಕಾಗಿಯೇ ಇಲ್ಲ. ಒಣಗಿದ ತುದಿಕೊಂಬೆಗಳಲ್ಲಿ ಬಿಳಿತಲೆಯ ಕಬ್ಬಕ್ಕಿಗಳ ಗುಂಪು ಬೆಳಗಿನ ಬಿಸಿಲು ಕಾಯಿಸುತ್ತಿರುತ್ತದೆ. ಗಿಳಿಗಳು ಮಾತ್ರ ಸ್ವಲ್ಪ ಗೊಂದಲ ಮಾಡುತ್ತವೆ. ಉದ್ದಬಾಲದ ಗಿಳಿ, ಕೆಂಪೆದೆಯ ಗಿಳಿ, ದೊಡ್ಡ ಗಿಳಿ, ಮತ್ತೆ ನಮ್ಮ ಮಲೆನಾಡಿನಲ್ಲೂ ಇರುವ ಪುಟಾಣಿ ಚಿಟ್ಟುಗಿಳಿ, ನಾಲ್ಕೂ ಅಲ್ಲಿವೆ, ನಾಲ್ಕೂ ಕಿರುಚಿಕೊಂಡು ತಲೆ ಮೇಲೆ ಹಾರಿಹೋಗುತ್ತವೆ. ಹಾರುವ ಗಿಳಿಗೆ ಹೆಸರಿಡಲು ಹೋಗಿ ಗಂಡ ಹೆಂಡತಿ ಜಗಳ ಮಾಡಿಕೊಳ್ಳಬೇಡಿ, ಕೂತ ಮೇಲೆ ನೋಡಿದರಾಯಿತು.

ಸಂಜೆಗೂ ಇದೇ ಚಿಡಿಯಾ ಟಾಪುವಿಗೆ ಇನ್ನೊಮ್ಮೆ ಬರಬಹುದು. ಸೂರ್ಯಾಸ್ತಕ್ಕೆಂದು ಜನಜಾತ್ರೆ ಇರುತ್ತದೆ. ಸೂರ್ಯ ಮುಳುಗಿದ ಹದಿನೈದು ನಿಮಿಷಕ್ಕೆ ಎಲ್ಲ ಖಾಲಿ. ಗೂಬೆಗಳ ಪಾಳಿ ಶುರುವಾಗುವುದು ಆಮೇಲೆ. ಅಂಡಮಾನ್‌ನದ್ದೇ ಆದ ಎರಡು ಜಾತಿಯ ಗಿಡುಗ ಗೂಬೆ, ಒಂದು ಪುಟ್ಟ ಕಿವಿಗೂಬೆ, ಒಂದು ನತ್ತಿಂಗ (ನೈಟ್‌ಜಾರ್, ಇದು ಗೂಬೆಯಲ್ಲದ ಇರುಳ ಹಕ್ಕಿ) ಈ ಸುತ್ತಿನಲ್ಲಿವೆ. ಗಿಡುಗ ಗೂಬೆಗಳಲ್ಲಿ ಒಂದಕ್ಕೆ ಎ.ಒ. ಹ್ಯೂಮ್ ಹೆಸರಿದೆ. ಹೌದು, 1885ರಲ್ಲಿ ಕಾಂಗ್ರೆಸ್ ಕಟ್ಟಿದ ಅದೇ ಹ್ಯೂಮ್, ಅದಕ್ಕೂ ಮುಂಚೆ ಈ ದ್ವೀಪಗಳಲ್ಲಿ ಹಕ್ಕಿ ಹುಡುಕಿಕೊಂಡು ಓಡಾಡಿದ್ದರು. ಮಾವನವರಿಗೆ ಇತಿಹಾಸ ಇಷ್ಟವಿದ್ದರೆ ಅವರಿಗೂ ಗೂಬೆಯಲ್ಲಿ ಆಸಕ್ತಿ ಹುಟ್ಟಬಹುದು. ಈ ಸಂಜೆಗೆ ಮಾತ್ರ ಸ್ಥಳೀಯ ಬರ್ಡ್ ಗೈಡ್ ಒಬ್ಬರನ್ನು ಖಂಡಿತ ಗೊತ್ತು ಮಾಡಿಕೊಳ್ಳಿ. ಅವರ ಹತ್ತಿರ ಮುಂಚೆಯೇ ಒಂದು ಮಾತು ಹೇಳಿ: ಧ್ವನಿಮುದ್ರಣ ಹಾಕಿ ಹಾಕಿ ಹಕ್ಕಿಯನ್ನು ಕರೆಯಬೇಡಿ, ಟಾರ್ಚನ್ನು ಕಣ್ಣಿಗೇ ಹಿಡಿದು ನಿಲ್ಲಬೇಡಿ ಅಂತ. ಒಂದೇ ರಸ್ತೆಯಲ್ಲಿ ದಿನಾ ಸಂಜೆ ಅದೇ ಜೋಡಿ ಗೂಬೆಗೆ ಅದೇ ಕೂಗು ಕೇಳಿಸಿದರೆ ಅದು ಬೇಟೆಯಾಡುವುದು ಯಾವಾಗ? ಒಳ್ಳೆಯ ಗೈಡ್‌ಗೆ ಇದು ಗೊತ್ತಿರುತ್ತದೆ. ಗೊತ್ತಿಲ್ಲದವರು ನಿಮಗೆ ಬೇಡ. ಮಕ್ಕಳಿಗೆ ಶೂ ಹಾಕಿಸಿ, ರಸ್ತೆ ಬಿಟ್ಟು ಇಳಿಸಬೇಡಿ, ಹಾವುಗಳಿವೆ.

ಮೂರನೆಯ ದಿನ ಮೌಂಟ್ ಹ್ಯಾರಿಯೆಟ್, 2021ರಿಂದ ಇದರ ಹೆಸರು ಮೌಂಟ್ ಮಣಿಪುರ. ಚಾಥಮ್‌ನಿಂದ ಗಾಡಿ ಸಮೇತ ಫೆರಿಯಲ್ಲಿ ಬ್ಯಾಂಬೂ ಫ್ಲಾಟ್‌ಗೆ ದಾಟಿ, ಅಲ್ಲಿಂದ ಗಾಡಿಯಲ್ಲೇ ಮೇಲೆ ಹತ್ತಬಹುದು. ಮಗನಿಗೆ ಆ ಫೆರಿಯೇ ದೊಡ್ಡ ಸಂಭ್ರಮ. ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟೊಂದನ್ನು ಮನೆಯಿಂದ ತೆಗೆದುಕೊಂಡು ಹೋಗಿ. ಹಿಂಬದಿಯ ತೆಂಗಿನಮರ, ಕಡಲು, ದೀಪಸ್ತಂಭದ ಚಿತ್ರ ಇಲ್ಲಿಂದ ಕಾಣುವ ನಾರ್ತ್ ಬೇ ದೃಶ್ಯವೇ. ಹಕ್ಕಿಗಳಲ್ಲಿ ಇಲ್ಲಿ ಹುಡುಕಬೇಕಾದ್ದು ಪಾರಿವಾಳಗಳು: ಮಾಸಲು ಬೂದು ತಲೆಯ ಅಂಡಮಾನ್ ಕಾಡುಪಾರಿವಾಳ, ಕಂದು ಮೈಯ ಉದ್ದ ಬಾಲದ ಕೋಗಿಲೆ ಪಾರಿವಾಳ, ಹಸಿರು ಪಾರಿವಾಳ. ಹಣ್ಣು ಬಿಟ್ಟ ಮರ ಸಿಕ್ಕರೆ ಅದರ ಕೆಳಗೆ ಅರ್ಧ ಗಂಟೆ ಸುಮ್ನೆ ಕೂತುಬಿಡಿ, ಓಡಾಡಿದ್ದಕ್ಕಿಂತ ಜಾಸ್ತಿ ಸಿಗುತ್ತದೆ. ರಾಷ್ಟ್ರೀಯ ಉದ್ಯಾನವಾದ್ದರಿಂದ ಗೇಟು ತೆರೆಯುವ ಹೊತ್ತನ್ನು ಹಿಂದಿನ ದಿನವೇ ವಿಚಾರಿಸಿ. ಮಧ್ಯಾಹ್ನ ಸೆಲ್ಯುಲರ್ ಜೈಲು ನೋಡಿ, ಅಲ್ಲಿ ಮಾವನವರಿಗೆ ಸಾಕಷ್ಟು ಹೊತ್ತು ಕೊಡಿ.

ಹ್ಯಾವ್‌ಲಾಕ್ ಬಗ್ಗೆ ಜಾಸ್ತಿ ಹೇಳಲ್ಲ. ಅದು ಸಮುದ್ರಕ್ಕೆ. ಹಕ್ಕಿ ಇಲ್ಲವೆಂದಲ್ಲ, ರಾಧಾನಗರ ಬೀಚಿನ ಹಿಂದೆ ಇರುವ ಭಾರಿ ಮರಗಳಲ್ಲಿ ಬೆಳಗಿನ ಹೊತ್ತು ಗಿಳಿ, ಹೊನ್ನಕ್ಕಿ, ಮರಕುಟಿಗ ಎಲ್ಲ ಸಿಗುತ್ತವೆ. ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲೆ ಕಡಲ ಬಕ ನಿಂತಿರುತ್ತದೆ. ಒಂದು ಬೂದು, ಪಕ್ಕದಲ್ಲಿ ಒಂದು ಅಚ್ಚ ಬಿಳಿ ಕಂಡರೆ ಬೇರೆ ಬೇರೆ ಜಾತಿ ಅಂದುಕೊಳ್ಳಬೇಡಿ, ಎರಡೂ ಅದೇ ಆಗಿರಬಹುದು. ಬಿಳಿಹೊಟ್ಟೆಯ ಕಡಲ ಹದ್ದು ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿಯಲ್ಲೂ ಇದೆ, ಇಲ್ಲಿ ಇನ್ನಷ್ಟು ಸಲೀಸಾಗಿ ಕಾಣುತ್ತದೆ. ಆದರೆ ಇಲ್ಲಿಯ ಎರಡು ದಿನ ಮಗಳ ಕೈಯಿಂದಲೂ ಬೈನಾಕ್ಯುಲರ್ ಇಳಿಸಿ ನೀರಿಗೆ ಬಿಡಿ. ಮೂರು ಬೆಳಗು ಅವಳಿಗಾಗಿ ಎದ್ದ ಉಳಿದ ಐವರಿಗೆ ಇಷ್ಟಾದರೂ ಸಲ್ಲಬೇಕಲ್ವಾ? ಮರಳಿನ ಮೇಲೆ ಸಂಜೆ ಕಣ್ಣಿಗೆ ಕಾಣದ ಸಣ್ಣ ನೊಣ ಕಚ್ಚುತ್ತದೆ, ತುರಿಕೆ ದಿನಗಟ್ಟಲೆ ಉಳಿಯುತ್ತದೆ. ಕೊಬ್ಬರಿಎಣ್ಣೆ ಹಚ್ಚಿ, ಟವೆಲ್ ಹಾಸದೆ ಮರಳ ಮೇಲೆ ಮಲಗಬೇಡಿ.

ಸಾಮಾನಿನ ವಿಷಯ ಚುಟುಕಾಗಿ. ಬೈನಾಕ್ಯುಲರ್ ದೊಡ್ಡವರಿಗೆ 8x42 (8 ಅಂದರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, 42 ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ) ಸಾಕು, 10x ಬೇಡ, ಕೈ ನಡುಗುತ್ತದೆ. ಮಗಳಿಗೆ 8x32 ಅಥವಾ 6x30 ಕೊಡಿಸಿ, ಅಂಗಡಿಯಲ್ಲಿ ಅವಳ ಕಣ್ಣಿಗೇ ಹಿಡಿಸಿ ನೋಡಿ. ದೊಡ್ಡವರ ಬೈನಾಕ್ಯುಲರನ್ನು ಎಷ್ಟು ಮಡಚಿದರೂ ಎಷ್ಟೋ ಮಕ್ಕಳ ಕಣ್ಣುಗಳ ಅಂತರಕ್ಕೆ ಹೊಂದುವುದಿಲ್ಲ. ಪಾಪ, ಅವು ಒಂದೇ ಕಣ್ಣಲ್ಲಿ ನೋಡುತ್ತಾ "ಕಾಣ್ತಿದೆ" ಅಂತ ಸುಳ್ಳು ಹೇಳುತ್ತವೆ. ಎ.ಸಿ. ರೂಮಿನಿಂದ ಹೊರಗೆ ತಂದ ಕೂಡಲೇ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಎದ್ದ ತಕ್ಷಣ, ಹಲ್ಲುಜ್ಜುವ ಮೊದಲೇ, ಅದನ್ನು ಚೀಲ ಸಮೇತ ಬಾಲ್ಕನಿಯಲ್ಲಿಡಿ. ಹಕ್ಕಿ ಗುರುತಿಸುವ ಮೆರ್ಲಿನ್ ಆ್ಯಪ್ ಬಳಸುವುದಾದರೆ ಹಕ್ಕಿಗಳ ಪ್ಯಾಕನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ, ಅಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ.

ರಾಸ್ ದ್ವೀಪಕ್ಕೂ ಹೋಗುತ್ತೀರೇನೋ, ಎಲ್ಲರೂ ಹೋಗುತ್ತಾರೆ. ಅಲ್ಲಿ ನವಿಲು, ಚುಕ್ಕೆ ಜಿಂಕೆ ಕೈಯಳತೆಯಲ್ಲಿ ಓಡಾಡುತ್ತವೆ. ಎರಡೂ ಜನ ತಂದು ಬಿಟ್ಟವು. ಮಗಳು ಪಟ್ಟಿಗೆ ನವಿಲು ಸೇರಿಸಲೋ ಬೇಡವೋ ಎಂದು ಕೇಳುತ್ತಾಳೆ. ಬರೆದುಕೊಳ್ಳಲಿ, ಪಕ್ಕದಲ್ಲಿ "ತಂದು ಬಿಟ್ಟದ್ದು" ಎಂದೂ ಬರೆಯಲಿ.

ಕೊನೆಗೆ ಇನ್ನೊಂದು, ಇದು ಮಗನಿಗೆ. ಬೀಚಿನಲ್ಲಿ ಅವನು ಹವಳದ ತುಂಡು, ಚಿಪ್ಪು ಆರಿಸಿ ಜೇಬು ತುಂಬಿಕೊಳ್ಳುವುದು ಖಂಡಿತ. ಸತ್ತ ಹವಳವೇ ಆದರೂ ದ್ವೀಪದಿಂದ ಒಯ್ಯುವಂತಿಲ್ಲ, ಏರ್‌ಪೋರ್ಟಿನ ಸ್ಕ್ಯಾನರಿನಲ್ಲಿ ಸಿಕ್ಕಿಬೀಳುತ್ತದೆ, ಅಳು ಶುರುವಾಗುತ್ತದೆ. ಹೊರಡುವ ಹಿಂದಿನ ರಾತ್ರಿಯೇ ಜೇಬು, ಶೂ, ಬ್ಯಾಗಿನ ಮೂಲೆ ಎಲ್ಲ ನೋಡಿ, ಹ್ಯಾವ್‌ಲಾಕ್ ಬಿಡುವ ಮೊದಲೇ ಅವನ ಕೈಯಿಂದಲೇ ನೀರಿಗೆ ಹಾಕಿಸಿದ್ದರೆ ಇನ್ನೂ ಒಳ್ಳೆಯದು.